ಜೂನ್ ಒಂದರ ಮೇಷ್ಟ್ರು

ನಮ್ಮ ತಾಲ್ಲೂಕಿನ ಅರ್ಧ ಜನರನ್ನು ಹುಟ್ಟಿಸಿದವರು ನಮ್ಮ ಪಕ್ಕದ ಮನೆ ಮೇಷ್ಟ್ರು! ತಪ್ಪು ತಿಳಿಯಬೇಡಿ. ಅವರು ಬ್ರಹ್ಮಚಾರಿ, ಪರಮ ಸಾತ್ವಿಕರು. ಹಂದನಕೆರೆ ಕಡೆಯ ಒಂದು ಹಳ್ಳಿಯಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಹುಟ್ಟಿದ ದಿನ ಬರೆಯುತ್ತಿದ್ದವರು, ಅಷ್ಟೇ.

ಯಾವ ತಾಯಿಗೆ ತಾರೀಖು ಗೊತ್ತಿತ್ತು? "ಅಟ್ಟಕ್ಕೆ ಕಾಯಿ ಹಾಕಿದ ವಾರದಾಗೆ ಹುಟ್ಟಿದ್ದು ಸಾ" ಎನ್ನುವರು. "ಅಟ್ಟದ ಮೇಲೆ ವರ್ಷವೆಲ್ಲ ಕಾಯಿ ಇರ್ತದೆ ಕಣಮ್ಮ, ಯಾವ ವಾರ ಅಂತ ಬರ್ಕೊಳ್ಳಲಿ?" ಎಂದು ಮೇಷ್ಟ್ರು ಜೂನ್ ಒಂದು ಬರೆದುಬಿಡುವರು. ಒಂದೇ ಮನೆಯ ನಾಲ್ಕು ಮಕ್ಕಳೂ ಜೂನ್ ಒಂದಕ್ಕೇ! (ಪುಣ್ಯಕ್ಕೆ ವರ್ಷ ಬೇರೆ ಬೇರೆ.) ನಿವೃತ್ತರಾದ ಮೇಲೂ ಆ ದಿನ ಕೊಬ್ಬರಿ ಮಿಠಾಯಿ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತು, ಕಂಡಕಂಡವರಿಗೆ ಹುಟ್ಟುಹಬ್ಬದ ಶುಭಾಶಯ ಹೇಳುತ್ತಾರೆ. ಮುಕ್ಕಾಲು ಪಾಲು ಜನಕ್ಕೆ ಅದು ಸರಿಯಾಗಿಯೇ ಇರುತ್ತದೆ!

ಅವರಿಗೆ ಇನ್ನೊಂದು ಚಟ. ಪಾಠದ ಕೋಣೆ ಕಂಡರೆ ಒಳಗೆ ಹೋಗಿ ಕೂರುವುದು. ನಾನು ತಿಪಟೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಸುವ ಅತಿಥಿ ಉಪನ್ಯಾಸಕಿ. ಆವತ್ತು ಪ್ರಿನ್ಸಿಪಾಲರು ನನ್ನ ಪಾಠ ನೋಡಲು ಬಂದಿದ್ದರು. ಅವರು ಮೆಚ್ಚಿದರೆ ಮುಂದಿನ ವರ್ಷವೂ ಕೆಲಸ, ಇಲ್ಲದಿದ್ದರೆ ಮನೆ. ಕನ್ನಡಕ ರಿಪೇರಿಗೆಂದು ನನ್ನ ಜೊತೆ ಬಸ್ಸಿನಲ್ಲಿ ಬಂದಿದ್ದ ಮೇಷ್ಟ್ರು ಸೀದಾ ಹೋಗಿ ಕೊನೆ ಬೆಂಚಿನಲ್ಲಿ, ಪ್ರಿನ್ಸಿಪಾಲರ ಪಕ್ಕದಲ್ಲೇ ಕೂತುಬಿಡಬೇಕೇ?

ಪಾಠ ಕನ್‌ಸ್ಟ್ರಕ್ಟರ್. "ಹೊಸ ಆಬ್ಜೆಕ್ಟ್ ಸೃಷ್ಟಿಯಾದಾಗ ತಾನಾಗಿಯೇ, ಒಂದೇ ಸಲ ಓಡುವ ಕೋಡ್. ಆಬ್ಜೆಕ್ಟಿನ ವಿವರಗಳಿಗೆಲ್ಲ ಮೊದಲ ಬೆಲೆ ತುಂಬುವುದು ಅದರ ಕೆಲಸ" ಎಂದೆ. ನಲವತ್ತು ಮುಖಗಳೂ ಒರೆಸಿಟ್ಟ ಸ್ಲೇಟು! ಇನ್ನೊಮ್ಮೆ ಹೇಳಿದೆ. ಪ್ರಿನ್ಸಿಪಾಲರು ಗಡಿಯಾರ ನೋಡಿದರು. ಆಗ ಮೇಷ್ಟ್ರು ಎದ್ದು ನಿಂತರು. ನನ್ನ ಕೆಲಸಕ್ಕೆ ಎಳ್ಳುನೀರು ಎಂದುಕೊಂಡೆ.

"ಇದನ್ನೇ ಅಲ್ವೇನಮ್ಮ ನಾನು ಸರ್ವೀಸೆಲ್ಲ ಮಾಡಿದ್ದು? ಲೇ ಮಕ್ಕಳಾ, ಹೊಸ ಹುಡುಗ ಬಂದ ಕೂಡ್ಲೇ ಯಾರೂ ಹೇಳದೇನೇ ರಿಜಿಸ್ಟರ್ ತೆಗೀತಿದ್ದೆ. ಒಬ್ಬೊಬ್ಬನಿಗೂ ಒಂದೇ ಸಲ. ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ. ಕೊಟ್ರೆ ಕೊಟ್ಟಿದ್ದು, ಕೊಡದಿದ್ರೆ ಜೂನ್ ಒಂದು. ಖಾಲಿ ಮಾತ್ರ ಬಿಡಂಗಿಲ್ಲ ಕಣ್ರಪ್ಪ!"

"ಮೇಡಂ, ಜೂನ್ ಒಂದು ಡೀಫಾಲ್ಟ್ ವ್ಯಾಲ್ಯೂ!" ಎಂದು ಒಬ್ಬ ಕೂಗಿದ. "ನಮ್ಮಪ್ಪಂದೂ ಜೂನ್ ಒಂದೇ ಸಾರ್" ಎಂದ ಇನ್ನೊಬ್ಬ. ಅವನ ಊರು ಕೇಳಿ ತಿಳಿದ ಮೇಷ್ಟ್ರು "ನಂದೇ ಕೈಬರಹ!" ಎಂದು ಎದೆಯುಬ್ಬಿಸಿದರು. ಎಲ್ಲರಿಗಿಂತ ಮೊದಲು ನಕ್ಕವರು ಪ್ರಿನ್ಸಿಪಾಲರೇ.

ಕಿಟಕಿ ಪಕ್ಕದ ಹುಡುಗಿ ಕೈಯೆತ್ತಿದಳು. "ಅಪ್ಪನ ಹೆಸರು ಕೊಡದಿದ್ರೆ ಏನ್ ಬರೀತಿದ್ರಿ ಸಾರ್?"

ಮೇಷ್ಟ್ರು ಕೈಯಲ್ಲಿದ್ದ ಕೊಡೆಯ ಹಿಡಿಯನ್ನೊಮ್ಮೆ ತಿರುಗಿಸಿದರು. "ಒಂದೇ ಸಲ ಹಂಗಾಯ್ತು ಕಣವ್ವ. ತಾಯಿ ತಲೆ ಬಗ್ಗಿಸ್ಕೊಂಡು ನಿಂತಿದ್ಲು. ಏನೂ ತೋಚಲಿಲ್ಲ. ನನ್ನ ಹೆಸರೇ ಬರೆದೆ."

ನಾನು ಬೋರ್ಡಿನ ಕಡೆ ತಿರುಗಿಕೊಂಡೆ. ನನ್ನ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮುಂದೆ ಇರುವುದು ಅದೇ ಹೆಸರು. ಊರು ಬೇಕಾದಷ್ಟು ಆಡಿಕೊಂಡಿತು. ಅವರಿಗೆ ಬಂದ ಸಂಬಂಧಗಳೆಲ್ಲ ಹಿಂದೆ ಸರಿದವು. ಆದರೂ ಅವರಾಗಲಿ, ಅಮ್ಮನಾಗಲಿ ನನ್ನ ಮುಂದೆ ಆ ಮಾತು ಎತ್ತಿದವರಲ್ಲ. ನಾನೂ ಇಷ್ಟು ವರ್ಷ ಮೇಷ್ಟ್ರೇ ಎಂದೇ ಕರೆದೆ. ನೆನೆದರೆ ನಾಚಿಕೆಯಾಗುತ್ತದೆ.

ಗಂಟೆ ಹೊಡೆಯಿತು. "ಪಾಠ ಚೆನ್ನಾಗಿತ್ತು. ಮುಂದಿನ ವರ್ಷವೂ ನೀವೇ ಬನ್ನಿ" ಎಂದ ಪ್ರಿನ್ಸಿಪಾಲರು, ಮೇಷ್ಟ್ರ ಕಡೆ ನೋಡಿ, "ಇವರು ನಿಮಗೆ ಏನಾಗಬೇಕು?" ಎಂದರು.

"ನಮ್ಮಪ್ಪ ಸರ್" ಎಂದೆ.

ಮೇಷ್ಟ್ರು ಗಡಿಬಿಡಿಯಿಂದ ಬೆಂಚಿನ ಕೆಳಗೆ ಬಗ್ಗಿ ಕೊಡೆ ಹುಡುಕತೊಡಗಿದರು. ಕೊಡೆ ಅವರ ಕೈಯಲ್ಲೇ ಇತ್ತು.