ದರ್ಜಿ ಕರೆದ ಸಭೆ

ನನಗೆ ಬುದ್ಧಿಯಿಲ್ಲ ಅನ್ನುವುದು ಇಷ್ಟು ದಿನ ಗಂಡ ಹೆಂಡಿರ ನಡುವಿನ ಗುಟ್ಟಾಗಿತ್ತು. ಅದಕ್ಕೆ ಇಡೀ ಬೀದಿಯ ಅನುಮೋದನೆ ದೊರಕಿಸಿಕೊಂಡವನು ನಾನೇ.

ನಾನು ದರ್ಜಿ. ಇಪ್ಪತ್ತೆರಡು ವರ್ಷದಿಂದ ಇದೇ ಬೀದಿಯಲ್ಲಿ ಅಂಗಡಿ. ಆರು ತಿಂಗಳ ಹಿಂದೆ ಎದುರಿಗೇ ಮೂರಂತಸ್ತಿನ ರೆಡಿಮೇಡ್ ಬಟ್ಟೆ ಮಳಿಗೆ ಎದ್ದಿತು. ಅಂದಿನಿಂದ ನನ್ನ ಕತ್ತರಿಗೆ ಸಿಕ್ಕಿದ್ದು ನನ್ನ ಉಗುರು ಮಾತ್ರ. ಅಂಗಡಿ ಮುಚ್ಚಲೋ ಬಿಡಲೋ ತೋಚದೆ, ಬೀದಿಯವರನ್ನೇ ಕರೆದು ಕೇಳೋಣವೆಂದುಕೊಂಡೆ.

"ಕೇಳಿದ್ರೆ ಹೇಳ್ತಾರೆ," ಎಂದಳು ಹೆಂಡತಿ. "ಆಮೇಲೆ ಹೇಳಿದ್ದನ್ನ ಕೇಳಬೇಕಾಗುತ್ತೆ."

"ಇದು ಜನಾಭಿಪ್ರಾಯ ಕಣೇ. ನಿನಗೆ ಅರ್ಥ ಆಗಲ್ಲ."

ಭಾನುವಾರ ನಮ್ಮ ನಡುಮನೆಯಲ್ಲಿ ಮಹಾಸಭೆ. ನಿವೃತ್ತ ಹೆಡ್‌ಮಾಸ್ಟರು, ಔಷಧದಂಗಡಿಯವರು, ಮಹಡಿ ಮನೆ ಅಜ್ಜಿ, ಇನ್ನೂ ಏಳೆಂಟು ಜನ.

"ನಿಮ್ಮ ಅಂಗಡಿ ಇಲ್ಲದಿದ್ರೆ ಇದು ಬೀದಿಯೇ ಅಲ್ಲ," ಎಂದರು ಹೆಡ್‌ಮಾಸ್ಟರು. ನನ್ನ ಕಣ್ಣು ತುಂಬಿತು. ತುಂಬಿದ ಕಣ್ಣಿಗೇ ಅವರ ಕಾಲರ್ ಕಂಡಿತು. ಅದು ನನ್ನ ಹೊಲಿಗೆಯಲ್ಲ. ಔಷಧದಂಗಡಿಯವರ ಅಂಗಿಯೂ ಅಲ್ಲ. ಆ ಕೋಣೆಯಲ್ಲಿ ನಾನು ಹೊಲಿದದ್ದೆಂದರೆ ಕಿಟಕಿಯ ಪರದೆ, ಮತ್ತೆ ನನ್ನ ಮೈಮೇಲಿದ್ದ ಅಂಗಿ (ಗುಂಡಿ ಹೆಂಡತಿ ಹಾಕಿದ್ದು).

"ಮೇಷ್ಟ್ರೇ, ಇದು ಎದುರು ಅಂಗಡೀದಾ?"

"ಏನ್ಮಾಡೋದು? ಮಗಳ ಮದುವೆಗೆ ಅಂತ ಹೊಲಿಯೋಕೆ ಹಾಕಿದ ಕೋಟನ್ನ ನೀವು ಮೊಮ್ಮಗ ಹುಟ್ಟಿದ ಮೇಲೆ ಕೊಟ್ರಿ."

"ನನ್ನ ಪ್ಯಾಂಟ್ ಬಟ್ಟೆ ಇನ್ನೂ ನಿಮ್ಮ ಹತ್ರಾನೇ ಇದೆ," ಎಂದರು ಔಷಧದಂಗಡಿಯವರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆದರೂ ಕಸುಬಿನವನ ಬಾಯಿ ಸುಮ್ಮನಿರಬೇಕಲ್ಲ. "ಮೇಷ್ಟ್ರೇ, ತೋಳು ಚೆನ್ನಾಗಿ ಕೂತಿದೆ. ಯಾರು ಸರಿ ಮಾಡಿಕೊಟ್ಟಿದ್ದು?"

ಎಲ್ಲರೂ ನೆಲ ನೋಡಿದರು. ಅಜ್ಜಿ ಮಾತ್ರ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯನ್ನು ನೋಡಿದರು.

ನಾನು ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದಾಗ ಇವಳು ಮನೆಯ ಹಿಂದಿನ ಕೋಣೆಯಲ್ಲಿ, ನಾನು ಬೇಡವೆಂದು ಬಿಸಾಕಿದ್ದ ಮಷೀನಿನಲ್ಲಿ, ಬೀದಿಯವರ ರೆಡಿಮೇಡ್ ಬಟ್ಟೆಗಳನ್ನೆಲ್ಲ ಅವರವರ ಅಳತೆಗೆ ತರುತ್ತಿದ್ದಳಂತೆ. ಹೇಳಿದ ದಿನಕ್ಕೆ, ಹೇಳಿದ ಹೊತ್ತಿಗೆ.

"ನಂಗ್ಯಾಕೆ ಹೇಳಲಿಲ್ಲ?"

"ನೀವು ಬೀದಿಯವರನ್ನೆಲ್ಲ ಕೇಳಿದ್ರಿ. ನನ್ನನ್ನ ಕೇಳಲಿಲ್ಲ."

ಸಭೆ ಒಮ್ಮತದಿಂದ ತೀರ್ಮಾನಿಸಿತು: ಅಂಗಡಿ ಉಳಿಯಬೇಕು, ಅದರಲ್ಲಿ ನನ್ನ ಹೆಂಡತಿ ಕೂರಬೇಕು. ಹೆಡ್‌ಮಾಸ್ಟರು ಹೊರಡುವಾಗ ನನ್ನ ಬೆನ್ನು ತಟ್ಟಿ, "ನಿಮಗೂ ಏನಾದ್ರೂ ಕೆಲಸ ಇದ್ದೇ ಇರುತ್ತೆ ಬಿಡಿ," ಎಂದರು.

ಇದೆ. ದಿನವಿಡೀ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತು ಎದುರು ಮಳಿಗೆಯ ಅಂಗಿಗಳ ಹೊಲಿಗೆ ಬಿಚ್ಚಿಕೊಡುತ್ತೇನೆ. ಗಿರಾಕಿಗಳು ನನ್ನನ್ನು ದಾಟಿಕೊಂಡು ಒಳಗೆ ಹೋಗುತ್ತಾರೆ. ಮೊನ್ನೆ ಧೈರ್ಯ ಮಾಡಿ, ನಾನೂ ಮಷೀನಿಗೆ ಕೂರಲಾ ಎಂದು ಕೇಳಿದೆ.

"ಶನಿವಾರದೊಳಗೆ ಇಷ್ಟನ್ನ ಬಿಚ್ಚಿ ಮುಗಿಸಿ. ಆಮೇಲೆ ನೋಡೋಣ," ಎಂದಳು.

ಇವತ್ತು ಭಾನುವಾರ. ಇನ್ನೂ ಮೂರು ಅಂಗಿ ಉಳಿದಿವೆ.