ಎದೆಯಲ್ಲಿದ್ದ ಇಡ್ಲಿ

ಕಾಯಿಲೆ ಇರೋದಕ್ಕಿಂತ ಅದನ್ನ ಎಲ್ಲರಿಗೂ ವಿವರಿಸೋದೇ ಸುಸ್ತು. ನಾನು ಶ್ರೀನಿವಾಸಪುರದ ಕಡೆ ಪ್ರೈಮರಿ ಶಾಲೆ ಟೀಚರ್. ಹುಟ್ಟಿನಿಂದ ಜೊತೆಗಿದ್ದ ಕಾಯಿಲೆ ನನಗೆ ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ. ಅದಕ್ಕೆ ಮುಂಚೆಯೂ ಆಮೇಲೂ ಒಂದಲ್ಲ ಒಂದು ನಡೆಯುತ್ತಲೇ ಇದೆ.

ಗ್ಯಾಸು

ಮುದ್ದೆ ಉಂಡರೆ ಉಸಿರು ಕಟ್ಟುತ್ತಿತ್ತು. ಮೆಟ್ಟಿಲು ಹತ್ತಿದರೂ ಅಷ್ಟೇ. ಎಲ್ಲರೂ ಹೇಳಿದ್ದು ಗ್ಯಾಸು ಅಂತ. ಪಕ್ಕದ ಮನೆಯಾಕೆ ಜೀರಿಗೆ ನೀರು ಕೊಟ್ಟಳು, ಮೆಡಿಕಲ್ ಸ್ಟೋರಿನವನು ಮಾತ್ರೆ ಕೊಟ್ಟ. ಕೊನೆಗೆ ಒಬ್ಬ ಡಾಕ್ಟರ ಹತ್ತಿರ ಹೋದೆ.

"ಏನ್ ಕೆಲಸ ಮಾಡ್ತೀರಮ್ಮ?" ಅಂದರು.

"ಒಂದನೇ ಕ್ಲಾಸಿಗೆ ಪಾಠ ಮಾಡ್ತೀನಿ ಸಾರ್."

"ಹಂಗಾದ್ರೆ ಟೆನ್ಷನ್ನು. ಐದನೇ ಕ್ಲಾಸು ಕೊಡಿ ಅಂತ ಕೇಳಿ ನೋಡಿ."

ಕೇಳಿದೆ, ಕೊಟ್ಟರು. ಉಬ್ಬಸದ ಜೊತೆಗೆ ಭಿನ್ನರಾಶಿಯೂ ಗಂಟುಬಿತ್ತು.

ಎಕ್ಸ್‌ರೇ

ಒಂದು ಸಲ ಕೆಮ್ಮು ಹಿಡಿದು ಬಿಡಲೇ ಇಲ್ಲ. ಕೋಲಾರದಲ್ಲಿ ಎದೆಯ ಎಕ್ಸ್‌ರೇಗೆ ಬರೆದುಕೊಟ್ಟರು. ತೆಗೆದವನು ನೋಡಿ, "ಅಲ್ಲಾಡಿಬಿಟ್ರಿ ಮೇಡಂ" ಅಂತ ಮತ್ತೆ ನಿಲ್ಲಿಸಿದ. ಎರಡನೇದನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮೆತ್ತಗೆ ಕೇಳಿದ, "ಬೆಳಿಗ್ಗೆ ಏನ್ ತಿಂದ್ರಿ?"

"ಇಡ್ಲಿ. ಯಾಕಪ್ಪಾ?"

"ಎದೇಲಿದೆ."

ಯಾರ ಮನೆಯದು

ಸ್ಕ್ಯಾನ್ ಆದ ಮೇಲೆ ದೊಡ್ಡ ಡಾಕ್ಟರು ಬಿಡಿಸಿ ಹೇಳಿದರು. ಎದೆಗೂ ಹೊಟ್ಟೆಗೂ ನಡುವೆ ಇರುವ ಪರದೆಯಲ್ಲಿ ಹುಟ್ಟುವಾಗಲೇ ಒಂದು ತೂತು ಉಳಿದುಬಿಟ್ಟಿತ್ತಂತೆ. ಅದರಲ್ಲಿ ಜಠರವೂ ಒಂದಷ್ಟು ಕರುಳೂ ಮೇಲೇರಿ ಎಡಗಡೆ ಶ್ವಾಸಕೋಶವನ್ನು ಮೂಲೆಗೆ ತಳ್ಳಿವೆ. ಅಲ್ಲೇ ತಿರುಚಿಕೊಂಡರೆ ಜೀವಕ್ಕೆ ಅಪಾಯ, ಆಪರೇಷನ್ ಆಗಲೇಬೇಕು.

ಜೊತೆಗೆ ಬಂದಿದ್ದ ನಮ್ಮತ್ತೆ ರಾಯಲ್ಪಾಡಿನವರು. ಅವರು ತೆಲುಗಿನಲ್ಲಿ ಕೇಳಿದ್ದು ಒಂದೇ, "ಪುಟ್ಟಿನಪ್ಪಟ್ನಿಂಚಾ ಸಾರ್?"

"ಹೌದಮ್ಮ, ಹುಟ್ಟಿದಾಗಿನಿಂದ."

ಅತ್ತೆಯ ಮುಖ ಅರಳಿತು. "ಹಂಗಾದ್ರೆ ನಮ್ಮನೆಗೆ ಬಂದ್ಮೇಲೆ ಆಗಿದ್ದಲ್ಲ."

ನೆಂಟರಿಗೆಲ್ಲ ಫೋನ್ ಮಾಡಿ ಇದನ್ನೇ ಹೇಳಿದರು. ಸಂಜೆಗೆ ಸುಗಟೂರಿನಿಂದ ನಮ್ಮಮ್ಮನ ಫೋನು. "ನಾವು ಕೊಟ್ಟಾಗ ಎಲ್ಲಾ ಇರೋ ಜಾಗದಲ್ಲೇ ಇತ್ತು ಅಂತ ಹೇಳೇ ನಿಮ್ಮತ್ತೆಗೆ."

ನಿಟ್ಟುಸಿರು

ಆಪರೇಷನ್ನಿನ ಹಿಂದಿನ ದಿನ ನನ್ನ ಗಂಡ ಮಂಚದ ಪಕ್ಕ ಕೂತಿದ್ದರು. ಮದುವೆಯಾದಾಗಿನಿಂದ ನನಗೆ ಎದುರಾಡಿದವರಲ್ಲ. ಒಳ್ಳೆಯ ಗುಣ ಅಂದುಕೊಂಡಿದ್ದೆ. ಅವತ್ತು ಕಣ್ಣೊರೆಸಿಕೊಂಡು ಹೇಳಿದರು, "ನಾನು ಏನ್ ಹೇಳಿದ್ರೂ ನೀನು ಉಸ್ಸಂತ ಉಸಿರು ಬಿಡ್ತಿದ್ದೆ. ನನ್ ಮೇಲೆ ಬೇಜಾರು ಅಂತ ಬಾಯ್ ಮುಚ್ಕೊಂಡಿರ್ತಿದ್ದೆ. ನಿನಗೆ ಉಸಿರೇ ಸಿಗ್ತಿರ್ಲಿಲ್ಲ ಅಂತ ಗೊತ್ತಾಗ್ಲಿಲ್ಲ ಕಣೇ."

ನನಗೂ ಅಳು ಬಂತು. ಇಬ್ಬರೂ ಕೈ ಹಿಡಿದುಕೊಂಡು ಕೂತೆವು.

ಆಪರೇಷನ್ ಆಯಿತು. ಎಲ್ಲವನ್ನೂ ಕೆಳಗಿಳಿಸಿ ತೂತು ಹೊಲಿದರು. ಗಾಯ ಮಾಯ್ದ ಮೇಲೆ ನನಗೆ ಎದೆ ತುಂಬ ಉಸಿರು ಬಂತು, ಅವರಿಗೆ ಬಾಯಿ ತುಂಬ ಮಾತು ಬಂತು. ಸಾರಿಗೆ ಹುಳಿ ಸಾಲದು. ಫ್ಯಾನು ಯಾಕಿಷ್ಟು ಜೋರು. ನಿಮ್ಮಣ್ಣ ಒಮ್ಮೆಯೂ ನನ್ನನ್ನ ಸರಿಯಾಗಿ ಮಾತಾಡಿಸಿಲ್ಲ. ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದೆಲ್ಲ ಹೊರಗೆ ಬರತೊಡಗಿತು. ಒಂದು ದಿನ ಕೇಳೀ ಕೇಳೀ ಸಾಕಾಗಿ ಉಸ್ಸಂತ ಉಸಿರು ಬಿಟ್ಟೆ.

ಗಾಬರಿಯಿಂದ ಊಟ ಬಿಟ್ಟು ಎದ್ದರು. "ಮತ್ತೆ ಮೇಲೆ ಹೋಯ್ತೇನೇ?"

"ಇಲ್ಲ ರೀ. ಎಲ್ಲಾ ಕೆಳಗೇ ಇದೆ. ಇದು ನಿಮ್ಮ ಮೇಲೇ."