ಕಂತು ತಪ್ಪಿದ ಮನೆಯ ಯಜಮಾನ

ಮಾನ ಮುಚ್ಚಿಟ್ಟುಕೊಳ್ಳೋಕೆ ಹೊರಟವನ ಪಂಚೆ ದಿನಕ್ಕೊಂದು ಸಲ ಜಾರ್ತಾನೇ ಇರುತ್ತೆ. ನನಗೆ ಆ ಯೋಗ ಶುರುವಾಗಿದ್ದು ಹಿರೇಹಳ್ಳಿಯ ನಮ್ಮ ಕಾರ್ಖಾನೇಲಿ ಒಂದು ಶಿಫ್ಟ್ ನಿಂತು, ಸೂಪರ್‌ವೈಸರ್ ಆಗಿದ್ದ ನನ್ನ ಸಂಬಳ ಅರ್ಧಕ್ಕಿಳಿದಾಗ. ಶೆಟ್ಟಿಹಳ್ಳೀಲಿ ಸಾಲ ಮಾಡಿ ಕಟ್ಟಿಸಿದ ಮನೆಗೆ ಮೂರು ತಿಂಗಳು ಕಂತು ಕಟ್ಟಕ್ಕಾಗಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳೋ ಮುಖ ಇರಲಿಲ್ಲ.

ಅಕ್ಕನ ಫೋನು

ಬ್ಯಾಂಕಿನಿಂದ ದಿನಾ ಫೋನು ಬರೋದು. ಹೆಂಡತಿಗೆ ಗೊತ್ತಾಗಬಾರದು ಅಂತ ಆ ನಂಬರನ್ನ ‘ಕುಣಿಗಲ್ ಅಕ್ಕ’ ಅಂತ ಸೇವ್ ಮಾಡ್ಕೊಂಡೆ. ಒಂದು ಸಂಜೆ ನಾನು ಮೂರು ಸಲ ಕಟ್ ಮಾಡಿದ್ದನ್ನ ನೋಡಿ ಅವಳಿಗೆ ಸಂಕಟ ಆಯ್ತು.

“ಒಡಹುಟ್ಟಿದೋಳ ಮೇಲೆ ಇದೆಂಥ ಕೋಪಾರೀ?” ಅಂತ ಫೋನು ಕಿತ್ಕೊಂಡು ಒಂದೇ ಉಸಿರಲ್ಲಿ ಶುರು ಮಾಡಿದಳು: “ಅಕ್ಕಾ, ಇವರು ಫೋನೆತ್ತಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಮನೇಲೇ ಅವ್ರೆ. ನಾಳೆ ಬೆಳಿಗ್ಗೆ ಬಂದ್ಬುಡಿ, ಕೂತು ಬಗೆಹರಿಸ್ಕೊಳ್ಳಿ!”

ಆ ಕಡೆಯಿಂದ ಏನೋ ಹೇಳಿ ಇಟ್ಟರು. ಅವಳು ನನ್ನ ಕಡೆ ತಿರುಗಿದಳು.

“ನಿಮ್ಮಕ್ಕ ಯಾವಾಗಿಂದ್ರೀ ನನಗೆ ‘ಥ್ಯಾಂಕ್ಯೂ ಮೇಡಂ’ ಅನ್ನೋದು? ಗಂಟಲು ಬೇರೆ ಗಂಡಸಿನ ಥರ ಒಡೆದೋಗಿದೆ, ಪಾಪ!”

ಬೀಗರು

ಮಾರನೇ ದಿನ ಬ್ಯಾಂಕಿನವರು ಬಂದು ಹೋದಮೇಲೆ ಹೆಂಡತಿ ಬೈಯಲಿಲ್ಲ. ಬೈದಿದ್ರೆ ನಾಚಿಕೆ ಕಮ್ಮಿ ಆಗ್ತಿತ್ತೇನೋ. “ಬಚ್ಚಿಟ್ಕೊಂಡು ಕೂತ್ರೆ ಮನೆ ಹರಾಜಿಗೆ ಬರುತ್ತೆ. ಹೋಗಿ ಮ್ಯಾನೇಜರ್ ಹತ್ರ ಮಾತಾಡಿ” ಅಂದಳು ಅಷ್ಟೆ.

ಹೋದೆ. ಬ್ಯಾಂಕಿನ ಬೆಂಚಿನ ಮೇಲೆ ಗುಬ್ಬಿಯ ಬೀಗರು! ಅವರ ಮಗನಿಗೆ ನನ್ನ ಮಗಳನ್ನ ಕೊಟ್ಟು ಇನ್ನೂ ವರ್ಷ ತುಂಬಿಲ್ಲ.

“ಡೆಪಾಸಿಟ್ ಇಡೋಣ ಅಂತ ಬಂದೆ” ಅಂದೆ.

“ನಾನು ಲಾಕರ್ ವಿಚಾರಿಸೋಣ ಅಂತ” ಅಂದರು.

ಅಷ್ಟರಲ್ಲಿ ಪ್ಯೂನ್ ಕೂಗಿದ: “ಮನೆ ಸಾಲದ ಕಂತು ಬಾಕಿ ಇರೋರು ಇಬ್ರೂ ಒಳಗೆ ಬನ್ನಿ!”

ಇಬ್ಬರೂ ನೆಲ ನೋಡ್ಕೊಂಡು ಎದ್ವಿ. ಮ್ಯಾನೇಜರ್ ಒಳ್ಳೆಯವರು. “ಅವಧಿ ಹೆಚ್ಚು ಮಾಡಿ ಕಂತು ಕಮ್ಮಿ ಮಾಡಿ ಅಂತ ಅರ್ಜಿ ಕೊಡಿ. ಒಟ್ಟು ಬಡ್ಡಿ ಜಾಸ್ತಿ ಆಗುತ್ತೆ, ತಿಳ್ಕೊಂಡಿರಿ. ಇಲ್ಲಾ ಮನೆ ಬಾಡಿಗೆಗೆ ಕೊಟ್ಟು ಚಿಕ್ಕದ್ರಲ್ಲಿರಿ. ಅದೂ ಆಗ್ದಿದ್ರೆ ಹರಾಜಿಗೆ ಮುಂಚೆ ನೀವೇ ಮಾರಿ, ನಾಲ್ಕು ಕಾಸು ಉಳಿಯುತ್ತೆ” ಅಂದರು. ಆಮೇಲೆ, “ನೀವಿಬ್ರೂ ಪರಿಚಯಾನಾ?”

“ಇಲ್ಲ ಸಾರ್” ಅಂದ್ವಿ, ಇಬ್ಬರೂ ಒಟ್ಟಿಗೆ.

ಮ್ಯಾನೇಜರ್ ನಮ್ಮ ಶರಟು ನೋಡಿದರು. ಮದುವೆಗೆ ಅಂತ ಒಂದೇ ಬಟ್ಟೇಲಿ ಹೊಲಿಸಿದ್ದ ಹಸಿರು ಚೌಕಳಿ ಶರಟು, ಇಬ್ಬರ ಮೈಮೇಲೂ.

“ಯೂನಿಫಾರಂ ಹಾಕ್ಕೊಂಡು ಬರೋ ಸಾಲಗಾರರನ್ನ ಇವತ್ತೇ ಕಣ್ರೀ ನೋಡಿದ್ದು” ಅಂದರು.

ಮನೆ ನೋಡ್ಕೊಳ್ಳೋನು

ಅರ್ಜಿ ಪಾಸಾಗಿ ಕಂತು ಕಮ್ಮಿ ಆಯ್ತು. ಅದನ್ನೂ ಕಟ್ಟೋಷ್ಟು ಸಂಬಳ ಇರಲಿಲ್ಲ. ನಾವು ಮಹಡಿ ಮೇಲಿನ ಒಂಟಿ ರೂಮಿಗೆ ಹತ್ತಿ, ಕೆಳಗಿನ ಮನೇನ ಒಬ್ಬ ಮೇಷ್ಟ್ರಿಗೆ ಬಾಡಿಗೆಗೆ ಕೊಟ್ವಿ. ಈಗ ಅವರ ಬಾಡಿಗೆ ಸೀದಾ ಕಂತಿಗೆ ಹೋಗುತ್ತೆ, ಮನೆ ಉಳೀತು. ಆದರೆ ಅವರು ಮನೆ ನೋಡಕ್ಕೆ ಬಂದ ದಿನ ನೆನೆಸ್ಕೊಂಡ್ರೆ ಈಗಲೂ ಕಿವಿ ಬಿಸಿಯಾಗುತ್ತೆ.

“ಓನರ್ ಯಾರು?” ಅಂದರು ಮೇಷ್ಟ್ರು.

ಗೃಹಪ್ರವೇಶಕ್ಕೆ ಬೀದಿಗೆಲ್ಲ ಹೋಳಿಗೆ ಊಟ ಹಾಕಿಸಿದವನು ನಾನು. ‘ನಾನೇ’ ಅನ್ನೋಕೆ ನಾಲಿಗೆ ಏಳಲಿಲ್ಲ. “ಓನರ್ ಬೆಂಗಳೂರಲ್ಲವ್ರೆ. ನಾನು ಮನೆ ನೋಡ್ಕೊಳ್ಳೋನು” ಅಂದುಬಿಟ್ಟೆ.

“ಸಂಬಳ ಸರಿಯಾಗಿ ಕೊಡ್ತಾರಾ?”

“ಇಲ್ಲ ಸಾರ್, ಅವರಿಗೇ ಕಷ್ಟ.” ಅದೊಂದು ಮಾತ್ರ ನಿಜ ಹೇಳಿದ್ದು.

ಆಗ ಹೆಂಡತಿ ಕಾಫಿ ತಂದಳು. ಮೇಷ್ಟ್ರ ಹೆಂಡತಿ, “ನೀವೂ ಇಲ್ಲೇ ಕೆಲಸಕ್ಕಿದೀರಾಮ್ಮ?” ಅಂದರು.

“ಇಲ್ಲಮ್ಮ, ನಾನು ಓನರ್ ಹೆಂಡ್ತಿ.”

ಆಯಮ್ಮ ನನ್ನ ಲುಂಗಿ, ಬನೀನು ಎಲ್ಲ ಮೇಲಿಂದ ಕೆಳಗೆ ನೋಡಿದರು. “ಮತ್ತೆ ಇವರು ಮನೆ ನೋಡ್ಕೊಳ್ಳೋನು ಅಂದ್ರು?”

ಹೆಂಡತಿ ನನ್ನನ್ನ ನೋಡಿದಳು. ನಾನು ತಲೆ ಎತ್ತಲಿಲ್ಲ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಅವಳು ನನ್ನ ಕೈಗೂ ಒಂದು ಲೋಟ ಕೊಟ್ಟು ಹೇಳಿದಳು:

“ಸುಳ್ಳೇನಲ್ಲ ಬುಡಿ. ಮದುವೆ ಆದಾಗಿಂದ ನನ್ನನ್ನೂ ಇವರೇ ನೋಡ್ಕೊಳ್ತಿರೋದು.”